ಕಪ್ಪು ನಾಲ್ಕು, ಬಿಳಿ ಐದು: ಶಿರಸಿಯ ಒಂದು ಟೆಕ್ನೋ ಆಲ್ಬಮ್ಮಿನ ಪ್ರಕರಣ

ಶಿರಸಿ ಪೇಟೆಯ ಹೊರಗೆ ನನ್ನದೊಂದು ಮೈಕ್ ಸೆಟ್ಟಿನ ಶೆಡ್ ಇದೆ. ಯಕ್ಷಗಾನದ ಆಟಕ್ಕೆ, ಮದುವೆಗೆ, ಜಾತ್ರೆಗೆ, ಊರ ಸಭೆಗೆ ಬಾಕ್ಸುಗಳು ಇಲ್ಲಿಂದಲೇ ಹೋಗುತ್ತವೆ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಯಕ್ಷಗಾನದ ಹಿಮ್ಮೇಳಕ್ಕೆ ಮೈಕ್ ಇಟ್ಟ ಕೈ ನನ್ನದು. ಆ ಕಾರಣಕ್ಕೇ ನಮ್ಮೂರ ಕಡೆಯ ಹುಡುಗನೊಬ್ಬ ತನ್ನ ಮೊದಲ ಟೆಕ್ನೋ (ಯಂತ್ರದ ತಾಳದ ಕುಣಿತದ ಸಂಗೀತ) ಆಲ್ಬಮ್ ಮಾಡುವಾಗ ನನ್ನನ್ನು ಹುಡುಕಿಕೊಂಡು ಬಂದ. ಆಲ್ಬಮ್ ಹೊರಬಂದ ಮೇಲೆ ಅದರ ಬಗ್ಗೆ ನಾಲ್ಕು ಕಡೆಯಿಂದ ಮಾತು ಬಂತು. ಯಾವ ಮಾತು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ, ಯಾಕೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಈ ಪ್ರಕರಣದಲ್ಲಿ ನನ್ನ ಕೈಯೂ ಇದೆ, ನನ್ನದೊಂದು ತಪ್ಪೂ ಇದೆ. ಅದನ್ನೂ ಬರೆಯುತ್ತೇನೆ.

ಹುಡುಗ ಎಂದರೆ ಮೂವತ್ತರ ಹತ್ತಿರದವನು. ಹೆಸರು ಬರೆಯಬೇಡಿ ಎಂದಿದ್ದಾನೆ. ಆಲ್ಬಮ್ಮಿನಲ್ಲಿ ಚಂಡೆ ಬಾರಿಸಿದ ಹಿರಿಯರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಅಜ್ಜ ಎಂದೇ ಕರೆಯುತ್ತೇನೆ. ಅವರ ಹೆಸರು ಇರಬೇಕಾದ ಜಾಗದಲ್ಲಿ ಈಗ ಇದೆ. ಮೊದಲು ಇರಲಿಲ್ಲ.

ಅವನ ಮನೆ ಅಡಿಕೆ ತೋಟದ ಮೇಲಿನ ದಿಬ್ಬದಲ್ಲಿ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದು, 2020ರ ಲಾಕ್‌ಡೌನಿನಲ್ಲಿ ಮನೆಗೆ ಬಂದವನು ಮತ್ತೆ ಹೋಗಲಿಲ್ಲ. ಹಗಲು ಕಂಪನಿಯ ಕೆಲಸ, ರಾತ್ರಿ ಸಂಗೀತ. ಒಂದು ಲ್ಯಾಪ್‌ಟಾಪ್, ಎರಡು ಸಪ್ತಕದ ಪುಟ್ಟ ಕೀಬೋರ್ಡ್, ಒಂದು ಹೆಡ್‌ಫೋನ್. ಒಳ್ಳೆಯ ಸ್ಪೀಕರ್ ಇರಲಿಲ್ಲ. ಇದ್ದಿದ್ದರೂ ಅಮ್ಮ ಮಲಗಿದ ಮೇಲೆ ಹಾಕುವ ಹಾಗಿರಲಿಲ್ಲ. ಈ ಹೆಡ್‌ಫೋನಿನ ಸಂಗತಿ ಮುಂದೆ ಮುಖ್ಯವಾಗುತ್ತದೆ.

ಟೆಕ್ನೋ ಎಂದರೆ ನಮ್ಮ ಜಿಲ್ಲೆಯಲ್ಲಿ ತಟ್ಟನೆ ಕಣ್ಣಿಗೆ ಬರುವುದು ಗೋಕರ್ಣದ ದಂಡೆ, ಓಂ ಬೀಚಿನ ರಾತ್ರಿ, ರೇವ್ ಪಾರ್ಟಿಯ ಸುದ್ದಿ. ಆದರೆ ಗೋವಾದ ದಂಡೆಯಲ್ಲಿ ಬೆಳೆದು ಈ ಕಡೆಗೂ ಇಳಿದದ್ದು ಟ್ರಾನ್ಸ್. ಅದರ ನಡೆ ಹೆಚ್ಚು ಚುರುಕು, ಸ್ವರಗಳು ಒಂದರ ಮೇಲೊಂದು ಏರುತ್ತ ಹೋಗುತ್ತವೆ. ಟೆಕ್ನೋ ಹುಟ್ಟಿದ ಜಾಗ ಬೇರೆ. 1980ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್, ಕಾರು ಕಾರ್ಖಾನೆಗಳು ಸೊರಗುತ್ತಿದ್ದ ಊರು. ಹುವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಕರಿಯ ಹುಡುಗರು, ಒಂದೇ ಶಾಲೆಯ ಗೆಳೆಯರು, ಜನ ಕೈಬಿಟ್ಟಿದ್ದ ಅಗ್ಗದ ತಾಳಯಂತ್ರಗಳಿಂದ ಅದನ್ನು ಕಟ್ಟಿದರು. ನಾಲ್ಕು ಮಾತ್ರೆಯ ನಡೆ, ಪ್ರತಿ ಮಾತ್ರೆಗೂ ಒಂದು ಬಾಸ್ ಪೆಟ್ಟು (ತಗ್ಗು ದನಿಯ ಪೆಟ್ಟು), ಅದರ ಮೇಲೆ ನಿಧಾನ ಬದಲಾಗುವ ಕೆಲವೇ ದನಿಗಳು. ಹಾಡಿಲ್ಲ, ಕಥೆಯಿಲ್ಲ. ಒಂದೇ ಪೆಟ್ಟು ಮತ್ತೆ ಮತ್ತೆ ಬಿದ್ದು, ಯಾವ ಕ್ಷಣದಲ್ಲಿ ಅದು ಬೇರೆಯಾಯಿತು ಎಂದು ಕೇಳುವವನಿಗೆ ಗೊತ್ತಾಗದ ಹಾಗೆ ಬೇರೆಯಾಗಬೇಕು. ಅದೇ ಅದರ ಕಸುಬು.

ಈ ಹುಡುಗನಿಗೆ ಇದು ಹೊರಗಿನಿಂದ ಬಂದ ರುಚಿ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಅವನು ಹೇಳಿದ್ದು ಬೇರೆ. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿಗೆ ಮೊದಲು ಬೇಡರ ವೇಷ ಕುಣಿಯುತ್ತದೆ. ಬೆನ್ನಿಗೆ ನವಿಲುಗರಿ ಕಟ್ಟಿದ ಬೇಡ, ಅವನನ್ನು ಹಗ್ಗ ಕಟ್ಟಿ ಹಿಂದಿನಿಂದ ಜಗ್ಗಿ ಹಿಡಿಯುವವರು, ಸುತ್ತ ತಮಟೆ. ತಮಟೆಯ ಪೆಟ್ಟು ಬದಲಾಗುವುದೇ ಇಲ್ಲ ಅನಿಸುತ್ತದೆ, ಬೇಡ ಮಾತ್ರ ಕ್ಷಣಕ್ಷಣಕ್ಕೂ ಉಗ್ರನಾಗುತ್ತಾನೆ. ಐದನೆಯ ವಯಸ್ಸಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಅದನ್ನು ನೋಡಿ ಹೆದರಿ ಅತ್ತಿದ್ದನಂತೆ. ಬೆಂಗಳೂರಿನಲ್ಲಿ ಮೊದಲ ಸಲ ಟೆಕ್ನೋ ಕೇಳಿದಾಗ ಅದೇ ಹೆದರಿಕೆ ತಿರುಗಿ ಬಂತು ಎಂದ. ಆ ಮಾತನ್ನು ನಾನು ನಂಬುತ್ತೇನೆ, ಯಾಕೆಂದರೆ ಆಲ್ಬಮ್ಮಿನ ಮೂರನೆಯ ತುಣುಕಿನಲ್ಲಿ ಅದು ಕೇಳಿಸುತ್ತದೆ.

ಚಂಡೆ ಮುದ್ರಿಸಿದ ದಿನ

ಆಲ್ಬಮ್ಮಿನಲ್ಲಿ ಎಂಟು ತುಣುಕುಗಳಿವೆ. ಊರಿನ ದನಿಗಳನ್ನು ಅವನು ತುಂಬ ತಂದಿಲ್ಲ. ಹೊನ್ನಾವರದಲ್ಲಿ ಶರಾವತಿ ಮೇಲಿನ ಕೊಂಕಣ ರೈಲ್ವೆ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಅದರ ಮೇಲೆ ಗಾಡಿ ಹಾದು ಹೋಗುವಾಗ ನೀರಿನಿಂದ ಎದ್ದು ಬರುವ ಗುಂಯ್ ಸದ್ದು ಒಂದು ತುಣುಕಿನಲ್ಲಿದೆ. ಇನ್ನೊಂದರಲ್ಲಿ ಅಡಿಕೆ ಸುಲಿಯುವ ಮನೆಯ ಜಗಲಿಯ ಚಟ್ ಚಟ್ ಇದೆ. ಅವೆರಡೂ ಸಾಧಾರಣ. ಚೆನ್ನಾಗಿವೆ, ಆದರೆ ಇಲ್ಲದಿದ್ದರೂ ಆಲ್ಬಮ್ಮಿಗೆ ಏನೂ ಕಡಿಮೆಯಾಗುತ್ತಿರಲಿಲ್ಲ. ಕಡಿಮೆಯಾಗುತ್ತಿದ್ದದ್ದು ನಾಲ್ಕನೆಯ ತುಣುಕಿನ ಚಂಡೆ ಇಲ್ಲದಿದ್ದರೆ.

ಅಜ್ಜನ ಮನೆಗೆ ಅವನನ್ನು ಕರೆದುಕೊಂಡು ಹೋದವನು ನಾನು. ಆಷಾಢದ ಮಳೆ. ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳಗಳು ಮಳೆ ಹಿಡಿಯುವ ಹೊತ್ತಿಗೆ ಮನೆ ಸೇರಿರುತ್ತವೆ. ಅಜ್ಜ ಮೇಳ ಬಿಟ್ಟು ಬಹಳ ವರ್ಷವಾಗಿತ್ತು, ಆದರೂ ಊರ ಕಡೆಯ ಆಟಗಳಿಗೆ ಚಂಡೆ ಹಿಡಿಯುತ್ತಿದ್ದರು. ಬಿಡುವಿರುವುದು ಮಳೆಗಾಲದಲ್ಲೇ ಎಂದು ನಾವು ಆಗಲೇ ಹೋದೆವು. ಚಂಡೆ ಮುದ್ರಿಸಲು ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ, ಅದು ನನಗೆ ಗೊತ್ತಿರಬೇಕಿತ್ತು.

ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಬಡಗಣ ಶೈಲಿಯ, ಚಂಡೆ ಬರಿಯ ಗದ್ದಲದ ವಾದ್ಯ ಅಲ್ಲ. ಪದ್ಯ ಹಾಡುವ ಭಾಗವತರ ಶ್ರುತಿಗೆ ಸೇರುವ ಹಾಗೆ ಅದನ್ನು ಬಿಗಿಯುತ್ತಾರೆ. ದೂರದಿಂದ ಕೇಳಿದವರಿಗೆ ಅಬ್ಬರ ಮಾತ್ರ ಕೇಳಿಸುತ್ತದೆ, ಪಕ್ಕದಲ್ಲಿ ಕೂತವನಿಗೆ ಸ್ವರ ಕೇಳಿಸುತ್ತದೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ನಮ್ಮವರು ಶ್ರುತಿಯನ್ನು ಕಪ್ಪು, ಬಿಳಿ ಎಂದು ಹೇಳುವುದು ವಾಡಿಕೆ. ಆ ದಿನ ಅಜ್ಜ ಒಲೆಯ ಮುಂದೆ ಚರ್ಮ ಕಾಯಿಸಿ, ಹಗ್ಗ ಬಿಗಿದು, ಕಪ್ಪು ನಾಲ್ಕಕ್ಕೆ ತಂದು ಬಾರಿಸಲು ಕೂತರು. ಸುಮಾರು ಒಂದು ಗಂಟೆ ಬಾರಿಸಿದರು. ಹೊರಗೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ತೇವ ಹಿಡಿದ ಚರ್ಮ ಒಂದೊಂದು ಕೂದಲೆಳೆಯಷ್ಟು ಸಡಿಲವಾಗುತ್ತ ಬಂತು. ಸ್ವರವೂ ಅದರ ಜೊತೆ ಇಳಿಯಿತು. ಗಂಟೆ ಮುಗಿಯುವ ಹೊತ್ತಿಗೆ ಬಿಳಿ ಐದರ ಹತ್ತಿರ ಬಂದು ನಿಂತಿತ್ತು, ಅಂದರೆ ಅರ್ಧ ಸ್ವರ ಕೆಳಗೆ. ಅಜ್ಜನಿಗೆ ಗೊತ್ತಾಗಿರಬೇಕು. ಆದರೆ ಭಾಗವತರಿಲ್ಲ, ಪದ್ಯವಿಲ್ಲ, ಹುಡುಗನಿಗೆ ಬೇಕಾದದ್ದು ಬರಿ ಪೆಟ್ಟುಗಳು ಎಂದುಕೊಂಡು ಸುಮ್ಮನೆ ಬಾರಿಸಿದರು.

ಮನೆಗೆ ಬಂದ ಹುಡುಗ ಕೊನೆಯ ಹತ್ತು ನಿಮಿಷದ ತುಂಡನ್ನು ಸಾಫ್ಟ್‌ವೇರಿಗೆ ಹಾಕಿ ಸ್ವರ ಅಳೆದ. ಬಿಳಿ ಐದು ಎಂದು ತೋರಿಸಿತು. ತನ್ನ ಬಾಸ್ ಪೆಟ್ಟನ್ನು ಅದೇ ಸ್ವರಕ್ಕೆ, ಸೆಕೆಂಡಿಗೆ ಇಷ್ಟು ಕಂಪನ ಎಂಬ ಲೆಕ್ಕದಲ್ಲಿ 49 ಹರ್ಟ್ಜ್‌ಗೆ ಹೊಂದಿಸಿಕೊಂಡ. ಆಮೇಲೆ ಗಂಟೆಯ ಬೇರೆ ಬೇರೆ ಭಾಗಗಳಿಂದ ತನಗೆ ಚಂದ ಕಂಡ ಉರುಳಿಕೆಗಳನ್ನು ಕತ್ತರಿಸಿ ಜೋಡಿಸಿದ. ಮೊದಲ ಭಾಗದ ಚಂಡೆ ಕಪ್ಪು ನಾಲ್ಕರಲ್ಲಿ ಇತ್ತು. ಆ ಸ್ವರವನ್ನು ಬಾಸಿನ ಸಪ್ತಕಕ್ಕೆ ಇಳಿಸಿದರೆ 52 ಹರ್ಟ್ಜ್ ಹತ್ತಿರ. ತಳದಲ್ಲಿ ಮೂರು ಹರ್ಟ್ಜ್ ವ್ಯತ್ಯಾಸ ಎಂದರೆ ಏನೂ ಅಲ್ಲ ಅನಿಸಬಹುದು, ಆದರೆ ಅದೇ ಎರಡು ಸ್ವರ ಮೂರು ಸಪ್ತಕ ಮೇಲೆ ಹೋದರೆ 392 ಮತ್ತು 415 ಆಗುತ್ತವೆ. ಎದುರುಬದುರು ನಿಂತ ಎರಡು ಮನೆಯವರು ಬೇರೆ ಬೇರೆ ಹಾಡು ಹೇಳಿದ ಹಾಗೆ. ಹೆಡ್‌ಫೋನಿನಲ್ಲಿ ಬಾಸಿನ ಪೆಟ್ಟು ಗೊತ್ತಾಗುತ್ತದೆ, ಅದರ ಸ್ವರ ಅಷ್ಟು ಸುಲಭಕ್ಕೆ ಗೊತ್ತಾಗುವುದಿಲ್ಲ. ಅವನಿಗೆ ಗೊತ್ತಾಗಲಿಲ್ಲ.

ಅದೇ ತುಣುಕಿನಲ್ಲಿ ಅವನು ಮಾಡಿದ ಒಳ್ಳೆಯ ಕೆಲಸವೂ ಇದೆ. ಚಂಡೆ ತ್ರಿವುಡೆ ತಾಳದಲ್ಲಿದೆ, ಏಳು ಅಕ್ಷರ. ಟೆಕ್ನೋದ ಪೆಟ್ಟು ನಾಲ್ಕರ ಲೆಕ್ಕ. ಇಂಥ ಕಡೆ ಬಹಳ ಜನ ಚಂಡೆಯನ್ನು ಎಳೆದೋ ಕತ್ತರಿಸಿಯೋ ಎಂಟಕ್ಕೆ ಕೂರಿಸುತ್ತಾರೆ. ಅವನು ಹಾಗೆ ಮಾಡಲಿಲ್ಲ. ಏಳು ಏಳಾಗಿಯೇ ನಡೆಯಲಿ, ನಾಲ್ಕು ನಾಲ್ಕಾಗಿಯೇ ನಡೆಯಲಿ ಎಂದು ಬಿಟ್ಟ. ತ್ರಿವುಡೆಯ ನಾಲ್ಕು ಆವರ್ತ, ನಾಲ್ಕರ ಏಳು ಆವರ್ತ, ಎರಡೂ ಇಪ್ಪತ್ತೆಂಟಕ್ಕೆ ಒಂದೇ ಮನೆ ಸೇರುತ್ತವೆ. ನಿಮಿಷಕ್ಕೆ 126 ಪೆಟ್ಟಿನ ವೇಗದಲ್ಲಿ ಹದಿಮೂರು ಸೆಕೆಂಡಿಗೊಮ್ಮೆ ಸಮ, ಅಂದರೆ ಎರಡೂ ಸೇರುವ ಪೆಟ್ಟು, ಬರುತ್ತದೆ. ನಡುವಿನ ಹದಿಮೂರು ಸೆಕೆಂಡು ಕೇಳುವವನ ಕಾಲು ಒಂದು ಕಡೆ, ಕಿವಿ ಇನ್ನೊಂದು ಕಡೆ. ಸಮ ಸಿಕ್ಕಾಗ ಎದೆಯಿಂದ ಉಸಿರು ಹೊರಬೀಳುತ್ತದೆ. ಇದನ್ನು ನಾನು ನೂರು ಸಲ ಕೇಳಿದ್ದೇನೆ, ಇವತ್ತಿಗೂ ಬೇಸರ ಬಂದಿಲ್ಲ.

ಮೂರನೆಯ ತುಣುಕಿನಲ್ಲಿ ಊರಿನ ಒಂದು ದನಿಯೂ ಇಲ್ಲ. ಆದರೂ ನನ್ನ ಲೆಕ್ಕದಲ್ಲಿ ಇಡೀ ಆಲ್ಬಮ್ಮಿನಲ್ಲಿ ಅತಿ ಹೆಚ್ಚು ಶಿರಸಿ ಇರುವುದು ಅಲ್ಲಿ. ಬಾಸ್ ಪೆಟ್ಟು ಮೊದಲಿನಿಂದ ಕೊನೆಯವರೆಗೆ ಕದಲುವುದಿಲ್ಲ. ಮೇಲಿನ ಒಂದು ದನಿ ಮುಂದೆ ನುಗ್ಗಲು ನೋಡುತ್ತದೆ, ಪ್ರತಿ ಸಲವೂ ಏನೋ ಒಂದು ಅದನ್ನು ಹಿಂದಕ್ಕೆ ಜಗ್ಗುತ್ತದೆ, ಅದು ಇನ್ನಷ್ಟು ಬಲದಿಂದ ನುಗ್ಗುತ್ತದೆ. ಬೇಡನೂ ಹಗ್ಗವೂ. ತಮಟೆಯನ್ನು ಯಾಕೆ ಮುದ್ರಿಸಲಿಲ್ಲ ಎಂದು ಕೇಳಿದ್ದೆ. "ತಮಟೆ ಹಾಕಿದ್ರೆ ಎಲ್ರೂ ತಮಟೆ ಕೇಳ್ತಿದ್ರು ಅಣ್ಣ, ಹಗ್ಗ ಯಾರಿಗೂ ಕೇಳ್ತಿರ್ಲಿಲ್ಲ" ಎಂದ.

ಬಂದ ಮಾತುಗಳು

ಆಲ್ಬಮ್ಮನ್ನು ಅವನು ಬ್ಯಾಂಡ್‌ಕ್ಯಾಂಪಿನಲ್ಲೂ ಸ್ಪಾಟಿಫೈಯಲ್ಲೂ ಹಾಕಿದ. ಮೊದಲ ತಿಂಗಳು ದುಡ್ಡು ಕೊಟ್ಟು ಕೊಂಡವರು ಬೆರಳೆಣಿಕೆಯಷ್ಟು. ಮಾತು ಬಂದದ್ದು ಅದಾದ ಮೇಲೆ.

ಮೊದಲ ವಿಮರ್ಶೆ ಬೆಂಗಳೂರಿನಿಂದ, ಇಂಗ್ಲಿಷಿನಲ್ಲಿ, ಸಂಗೀತದ ಬಗ್ಗೆಯೇ ಬರೆಯುವ ಹೆಣ್ಣುಮಗಳೊಬ್ಬರದು. ಹೊಗಳಿಕೆ ಬಹಳ ಇತ್ತು. ಮಳೆ, ಕಾಡು, ಕಡಲು, ಮಸಾಲೆ ಇವುಗಳ ವರ್ಣನೆ ಅರ್ಧ ಪುಟ. ಶಿರಸಿಯಿಂದ ಕಡಲಿಗೆ ಘಟ್ಟ ಇಳಿಯಬೇಕು ಎಂಬುದು ಅವರಿಗೆ ತಿಳಿದಂತಿರಲಿಲ್ಲ. ಹುಡುಗ ಓದಿ ಖುಷಿಪಟ್ಟ, ಆಮೇಲೆ ಖುಷಿ ಇಳಿಯಿತು, ಯಾಕೆಂದರೆ ಆ ವರ್ಣನೆಯನ್ನು ನಮ್ಮ ಕಡೆಯ ಯಾವ ಆಲ್ಬಮ್ಮಿಗೆ ಬೇಕಾದರೂ ಅಂಟಿಸಬಹುದಿತ್ತು. ಆದರೆ ಕೊನೆಯಲ್ಲಿ ಒಂದು ಸಾಲು ಇತ್ತು. ನಾಲ್ಕನೆಯ ತುಣುಕಿನ ನಡುವೆ, ದನಿಗಳೆಲ್ಲ ಸೇರುವ ಹೊತ್ತಿಗೆ, ಚಂಡೆ ಗಾಜಿನ ಹಿಂದೆ ಸರಿದ ಹಾಗೆ ಮಂಕಾಗುತ್ತದೆ ಎಂದು ಬರೆದಿದ್ದರು. ಆ ಸಾಲು ಬಂಗಾರ. ದನಿ ಜೋರಾಗಲಿ ಎಂದು ಅವನು ಕೊನೆಯ ಹಂತದಲ್ಲಿ ಲಿಮಿಟರ್ (ದನಿಯ ಏರುಗಳನ್ನು ಒಂದು ಮಿತಿಯಲ್ಲಿ ತಡೆಯುವ ಸಾಧನ) ಹಾಕಿ ಎಲ್ಲವನ್ನೂ ಅದುಮಿದ್ದ. ಚಂಡೆಯ ಜೀವ ಇರುವುದು ಕೋಲು ಚರ್ಮಕ್ಕೆ ತಾಗುವ ಆ ಮೊದಲ ಕ್ಷಣದಲ್ಲಿ. ಲಿಮಿಟರ್ ಸವರಿ ಹಾಕುವುದು ಅದನ್ನೇ. ಅಷ್ಟು ಅದುಮಿ ಸಿಕ್ಕಿದ್ದೂ ಇಲ್ಲ, ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ದನಿಯ ಜೋರು ಅಳೆಯುವ ಮಾನ) ಮಟ್ಟಕ್ಕೆ ತಂದು ನುಡಿಸುತ್ತದೆ. ಜೋರು ಮಾಡಿದವನ ಜೋರನ್ನು ಅದೇ ಇಳಿಸುತ್ತದೆ.

ಎರಡನೆಯದು ಜಿಲ್ಲೆಯ ಒಂದು ಪತ್ರಿಕೆಯಲ್ಲಿ ಬಂದ ಪತ್ರ, ಯಕ್ಷಗಾನದ ಅಭಿಮಾನಿಯೊಬ್ಬರದು. ದೇವರ ಸೇವೆಯ ಕಲೆಯನ್ನು ಪಬ್ಬಿಗೆ ಮಾರಿದ್ದಾನೆ ಎಂಬುದು ಅದರ ಸಾರ. ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಅರ್ಧ ನಿಮಿಷದ ತುಣುಕನ್ನು ಫೋನಿನಲ್ಲಿ ಕೇಳಿದ್ದಾಗಿ ಅವರೇ ಬರೆದಿದ್ದರು. ಫೋನಿನ ಪುಟ್ಟ ಸ್ಪೀಕರ್ 200 ಹರ್ಟ್ಜ್‌ಗಿಂತ ಕೆಳಗಿನದನ್ನು ಹೆಚ್ಚುಕಮ್ಮಿ ನುಡಿಸುವುದೇ ಇಲ್ಲ. ಅಂದರೆ ಅವರು ಟೆಕ್ನೋವನ್ನು ಕೇಳಿಯೇ ಇರಲಿಲ್ಲ, ಮೇಲಿನ ಚಂಡೆಯನ್ನು ಮಾತ್ರ ಕೇಳಿದ್ದರು. ಶುದ್ಧತೆಯ ಆ ವಾದವನ್ನು ನಾನು ಒಪ್ಪುವುದಿಲ್ಲ. ಹಿಮ್ಮೇಳಕ್ಕೆ ಮೈಕ್ ಬಂದಾಗಲೂ ಇದೇ ಮಾತು ಕೇಳಿದ್ದೇವೆ. ಆದರೆ ಅದೇ ಪತ್ರದಲ್ಲಿ ಎರಡು ವಾಕ್ಯ ನನ್ನನ್ನು ಇರಿದವು: ಈ ಚಂಡೆ ಬಾರಿಸಿದವರು ಯಾರು, ಅವರ ಹೆಸರು ಎಲ್ಲಿ?

ಹೆಸರು ಎಲ್ಲೂ ಇರಲಿಲ್ಲ. ಆಲ್ಬಮ್ಮಿನ ಪುಟದಲ್ಲಿ ಹುಡುಗನ ಹೆಸರಿತ್ತು, ಮುಖಚಿತ್ರ ಮಾಡಿದವಳ ಹೆಸರಿತ್ತು. ಅಜ್ಜನಿಗೆ ಆ ದಿನ ಅವನು ಎರಡು ಸಾವಿರ ರೂಪಾಯಿ, ವೀಳ್ಯದೆಲೆ, ಒಂದು ಪಂಚೆ ಕೊಟ್ಟು ನಮಸ್ಕಾರ ಮಾಡಿದ್ದ. ನಮ್ಮಲ್ಲಿ ಅದೇ ಮರ್ಯಾದೆ ಎಂದು ಅವನೂ ಅಂದುಕೊಂಡ, ನಾನೂ ಅಂದುಕೊಂಡೆ. ತಪ್ಪು ಅಲ್ಲಿ. 1957ರ ಹಕ್ಕುಸ್ವಾಮ್ಯ ಕಾಯ್ದೆ ಹಾಡುವವನಿಗೂ ಬಾರಿಸುವವನಿಗೂ ತನ್ನ ಪ್ರದರ್ಶನದ ಮೇಲೆ 50 ವರ್ಷದ ಹಕ್ಕು ಕೊಟ್ಟಿದೆ. 2012ರ ತಿದ್ದುಪಡಿ ಬಂದ ಮೇಲೆ, ಇದು ನಾನು ಬಾರಿಸಿದ್ದು ಎಂದು ಗುರುತಿಸಿಕೊಳ್ಳುವ ಹಕ್ಕೂ ಅದರಲ್ಲಿದೆ. ಕಾಯ್ದೆ ಒತ್ತಟ್ಟಿಗಿರಲಿ, ಆಟದ ಕರಪತ್ರದಲ್ಲಿ ಹಿಮ್ಮೇಳದವರ ಹೆಸರು ಬಿಟ್ಟರೆ ನಮ್ಮೂರಲ್ಲಿ ಎಷ್ಟು ದೊಡ್ಡ ಮಾತಾಗುತ್ತದೆ! ಅದನ್ನು ಇಪ್ಪತ್ತು ವರ್ಷ ಕಂಡವನು ನಾನು. ನನಗೆ ನೆನಪಾಗಲಿಲ್ಲ. ಆ ಹುಡುಗನಿಗೆ ಹೇಳಬೇಕಾದವನು ನಾನೇ ಆಗಿದ್ದೆ.

ಮೂರನೆಯದು ಟೆಕ್ನೋದವರಿಂದಲೇ. ಗೋವಾದಲ್ಲೂ ಬೆಂಗಳೂರಿನಲ್ಲೂ ನುಡಿಸುವ ಡಿಜೆಯೊಬ್ಬ ಅವನಿಗೆ ದೀರ್ಘವಾಗಿ ಬರೆದ. ನಾಲ್ಕನೆಯ ತುಣುಕನ್ನು ಬಳಸಲು ಬರುವುದಿಲ್ಲ ಎಂಬುದು ಅವನ ದೂರು. ಡಿಜೆ ಒಂದು ತುಣುಕಿನ ಬಾಲಕ್ಕೆ ಇನ್ನೊಂದರ ತಲೆ ಸೇರಿಸುವುದು ಹದಿನಾರು, ಮೂವತ್ತೆರಡು ಪೆಟ್ಟುಗಳ ಲೆಕ್ಕದಲ್ಲಿ. ಇಪ್ಪತ್ತೆಂಟಕ್ಕೆ ತಿರುಗುವ ತುಣುಕು ಪ್ರತಿ ಸುತ್ತಿಗೂ ನಾಲ್ಕು ಪೆಟ್ಟು ಮೊದಲೇ ಬಂದು ಬಾಗಿಲು ಬಡಿಯುತ್ತದೆ, ಕುಣಿಯುವವರು ಎಡವುತ್ತಾರೆ. ಅವನು ಹೇಳಿದ್ದು ಅಕ್ಷರಶಃ ನಿಜ. ಆದರೆ ಅದು ದೋಷವೇ? ನನಗೆ ಹಾಗನಿಸುವುದಿಲ್ಲ. ಪಕ್ಕದ ತುಣುಕಿಗೆ ಅನುಕೂಲವಾಗಲಿ ಎಂದು ತ್ರಿವುಡೆಯನ್ನು ಎಂಟು ಮಾಡಿದರೆ ಈ ತುಣುಕು ಇರುವುದಕ್ಕೆ ಕಾರಣವೇ ಉಳಿಯುವುದಿಲ್ಲ. ಹಾಗಿದ್ದರೂ ಆ ಪತ್ರವನ್ನು ಗೌರವಿಸುತ್ತೇನೆ. ಅವನು ಪೂರ್ತಿ ಕೇಳಿದ್ದ, ಎಣಿಸಿದ್ದ.

ಇಲ್ಲಿ ಚರಣಜಿತ್ ಸಿಂಗ್ ನೆನಪಾಗುತ್ತಾರೆ. ಮುಂಬೈಯ ಸಿನಿಮಾ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಆರ್ 808 ತಾಳಯಂತ್ರ ಮತ್ತು ಟಿಬಿ 303 ಬಾಸ್ ಯಂತ್ರ ಇಟ್ಟುಕೊಂಡು ಹತ್ತು ರಾಗಗಳ ಆಲ್ಬಮ್ ಮಾಡಿದರು. ಅದೇ 303 ಯಂತ್ರದಿಂದ ಶಿಕಾಗೋದಲ್ಲಿ ಆಸಿಡ್ ಹೌಸ್ ಎಂಬ ಕುಣಿತದ ಸಂಗೀತ ಹುಟ್ಟಿದ್ದು ಅದಾದ ಕೆಲವು ವರ್ಷಕ್ಕೆ. ಆಗ ಅವರ ಆಲ್ಬಮ್ಮನ್ನು ಕೇಳಿದವರು ಕಡಿಮೆ. 2010ರಲ್ಲಿ ಮರುಮುದ್ರಣವಾದ ಮೇಲೆ ಜಗತ್ತು ಬೆರಗಾಯಿತು. ಇಪ್ಪತ್ತೆಂಟು ವರ್ಷ ಯಾರೂ ಅವರಿಗೆ ಇಲ್ಲಿ ಸರಿ, ಇಲ್ಲಿ ತಪ್ಪು ಎಂದು ಹೇಳಲಿಲ್ಲ. ಅವರು 2015ರಲ್ಲಿ ತೀರಿಕೊಂಡರು. ಹುಡುಗ ಆ ಆಲ್ಬಮ್ಮನ್ನು ಬಹಳ ಕೇಳಿದ್ದಾನೆ. ಅದರಲ್ಲಿ ರಾಗ ಎಷ್ಟೇ ವೇಗವಾಗಿ ಓಡಿದರೂ ಷಡ್ಜ ಅಲ್ಲಾಡುವುದಿಲ್ಲ. ಆ ಪಾಠ ಅವನ ಕಿವಿಯ ಹತ್ತಿರವೇ ಇತ್ತು.

ಶೆಡ್ಡಿನ ಸಂಜೆ

ಪತ್ರ ಅಚ್ಚಾದ ವಾರವೇ ನಾವಿಬ್ಬರೂ ಅಜ್ಜನ ಮನೆಗೆ ಹೋದೆವು, ಹೆಸರು ಬಿಟ್ಟದ್ದಕ್ಕೆ ತಪ್ಪಾಯಿತು ಎಂದು ಹೇಳಲು. ಅವರು ಪತ್ರ ಓದಿದ್ದರು. ಸಿಟ್ಟಿರಲಿಲ್ಲ. "ಮೊದ್ಲು ಎಂಗೆ ಕೇಳ್ಸಿ" ಎಂದರು, ಅಂದರೆ ನನಗೆ ಕೇಳಿಸಿ. ಹುಡುಗ ಫೋನ್ ತೆಗೆದ. ನಾನು ತಡೆದೆ, ಮರುದಿನ ಶೆಡ್ಡಿಗೆ ಕರೆದುಕೊಂಡು ಬಂದೆ. ಹದಿನೆಂಟು ಇಂಚಿನ ಎರಡು ಬಾಸ್ ಬಾಕ್ಸ್, ಮೇಲೆ ಎರಡು ಟಾಪ್, ಬೇರೇನೂ ಇಲ್ಲ. ದನಿ ಹಿತವಾಗುವಷ್ಟೇ ಇಟ್ಟು ನಾಲ್ಕನೆಯ ತುಣುಕು ಹಾಕಿದೆ.

ಮೊದಲ ಎರಡು ನಿಮಿಷ ಅಜ್ಜ ತೊಡೆಯ ಮೇಲೆ ತಾಳ ಹಾಕಿದರು. ಬಾಸಿನ ಲೆಕ್ಕ ಬಿಟ್ಟು ಚಂಡೆಯ ತ್ರಿವುಡೆಯನ್ನೇ ಹಿಡಿದಿದ್ದರು, ಸಮ ಸೇರಿದ ಕಡೆ ತಲೆ ಆಡಿಸಿದರು. ಬಾಸ್ ಪೂರ್ತಿಯಾಗಿ ಬಂದ ಕಡೆ ಕೈ ನಿಂತಿತು. "ಶ್ರುತಿ ಸೇರ್ತಿಲ್ಲೆ ತಮಾ" ಎಂದರು. ಹುಡುಗ ಅಳೆದೇ ಹಾಕಿದ್ದು ಎಂದ. ಮುಂದಕ್ಕೆ ಹೋಗು ಎಂದು ಕೈಸನ್ನೆ ಮಾಡಿದರು. ಆರನೆಯ ನಿಮಿಷದ ಹತ್ತಿರ "ಇಲ್ಲಿ ಅಡ್ಡಿಲ್ಲೆ" ಎಂದರು. ಮತ್ತೆ ಹಿಂದಕ್ಕೆ ಹಾಕಿಸಿದರು. "ಇದು ಮೊದ್ಲಿಗೆ ಹೊಡದ್ದು, ಕಪ್ಪು ನಾಲ್ಕು. ನಿನ್ ಗುಡುಗು ಬಿಳಿ ಐದು." ಹಾರ್ಮೋನಿಯಂ ತಂದು ಒತ್ತಿ ನೋಡಿದೆವು. ಸರಿಯಾಗಿ ಅದೇ.

ಹುಡುಗನ ಮುಖ ಇಳಿದುಹೋಯಿತು. ನನಗೂ ನಾಚಿಕೆಯಾಯಿತು, ನಾನೂ ಆ ತುಣುಕನ್ನು ಇದೇ ಬಾಕ್ಸಿನಲ್ಲಿ ಕೇಳಿ ಮೆಚ್ಚಿದ್ದೆ. ಏನೋ ಒರಟಾಗಿದೆ ಅನಿಸಿತ್ತು, ಟೆಕ್ನೋ ಎಂದರೆ ಹೀಗೇ ಇರಬೇಕು ಎಂದುಕೊಂಡು ಬಿಟ್ಟಿದ್ದೆ. ಗೊತ್ತಿಲ್ಲದ ಪ್ರಕಾರದ ಮುಂದೆ ನಮ್ಮ ಕಿವಿಗೆ ಗೊತ್ತಿದ್ದದ್ದನ್ನೂ ಬಿಟ್ಟುಕೊಡುತ್ತೇವೆ. ಅಜ್ಜ ಬಿಟ್ಟುಕೊಡಲಿಲ್ಲ.

ಅಜ್ಜ ಎಲ್ಲವನ್ನೂ ಹಿಡಿದರು ಎಂದು ಹೇಳಲಾರೆ. ಮೂರನೆಯ ತುಣುಕನ್ನು ಹಾಕಿದಾಗ ಎರಡು ನಿಮಿಷಕ್ಕೆ ಎದ್ದು ನೀರು ಕುಡಿಯಲು ಹೋದರು. ಇದರಲ್ಲಿ ಪದ್ಯವೂ ಇಲ್ಲ, ಕಥೆಯೂ ಇಲ್ಲ, ಕೇಳುವುದೇನು ಎಂದರು. ಹುಡುಗ ಬೇಡರ ವೇಷದ ಹಗ್ಗದ ಮಾತು ಹೇಳಿದ. ಅವರಿಗೆ ಅದು ಮುಟ್ಟಲಿಲ್ಲ. ಹಗ್ಗವನ್ನು ಯಾವ ವಿಮರ್ಶೆಯೂ ಕೇಳಿಸಿಕೊಂಡಿರಲಿಲ್ಲ. ಚಂಡೆ ಇದ್ದ ತುಣುಕಿನ ಬಗ್ಗೆ ಎಲ್ಲರೂ ಮಾತಾಡಿದರು, ಆಲ್ಬಮ್ಮಿನ ಅತ್ಯುತ್ತಮ ಹತ್ತು ನಿಮಿಷದ ಬಗ್ಗೆ ಒಬ್ಬರೂ ಆಡಲಿಲ್ಲ. ನನಗೆ ಇವತ್ತಿಗೂ ಇದು ನೋವು.

ಬದಲಾದದ್ದು

ಹುಡುಗನ ಮುಂದೆ ಎರಡು ದಾರಿ ಇದ್ದವು. ಕಪ್ಪು ನಾಲ್ಕರ ಚಂಡೆಯನ್ನು ಸಾಫ್ಟ್‌ವೇರಿನಲ್ಲಿ ಅರ್ಧ ಸ್ವರ ಇಳಿಸುವುದು ಸುಲಭದ್ದು. ಮಾಡಿ ನೋಡಿದ. ಕೋಲಿನ ಪೆಟ್ಟು ಹಿಟ್ಟಿನ ಮುದ್ದೆಗೆ ಹೊಡೆದ ಹಾಗಾಯಿತು. ಇನ್ನೊಂದು ದಾರಿ ಬಾಸನ್ನೇ ಚಂಡೆಯ ಕಡೆಗೆ ಒಯ್ಯುವುದು. ಕತ್ತರಿಸಿದ ಉರುಳಿಕೆಗಳನ್ನೆಲ್ಲ ಬಿಚ್ಚಿ, ಆ ದಿನ ಅಜ್ಜ ಬಾರಿಸಿದ ಕ್ರಮದಲ್ಲೇ ಮತ್ತೆ ಜೋಡಿಸಿದ. ಮೊದಲಿಗೆ ಕಪ್ಪು ನಾಲ್ಕು, ಕೊನೆಗೆ ಬಿಳಿ ಐದು. ಬಾಸ್ 52ರಲ್ಲಿ ಶುರುವಾಗಿ, ಚರ್ಮ ಇಳಿದ ಹಾಗೆ ತಾನೂ ಇಳಿಯುತ್ತ, ಎಂಟು ನಿಮಿಷಕ್ಕೆ 49ಕ್ಕೆ ಬಂದು ನಿಲ್ಲುತ್ತದೆ. ಯಾವ ಕ್ಷಣದಲ್ಲೂ ಇಳಿದದ್ದು ಗೊತ್ತಾಗುವುದಿಲ್ಲ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಹಾಕಿದರೆ ಮಾತ್ರ ಎಷ್ಟು ಕೆಳಗೆ ಬಂದಿದ್ದೆವು ಎಂದು ತಿಳಿಯುತ್ತದೆ. ಆಷಾಢದ ಆ ಒಂದು ಗಂಟೆಯ ತೇವ ಈಗ ಅದರೊಳಗಿದೆ. ತಿದ್ದುಪಡಿ ಎಂದು ಶುರುವಾದದ್ದು ಹೊಸ ರಚನೆಯೇ ಆಯಿತು.

ಲಿಮಿಟರನ್ನು ಸಡಿಲ ಮಾಡಿದ. ಇಪ್ಪತ್ತೆಂಟರ ಲೆಕ್ಕವನ್ನು ಮುಟ್ಟಲಿಲ್ಲ. ಡಿಜೆಗೆ ವಂದನೆ ಹೇಳಿ, ಇದು ಹೀಗೇ ಇರುತ್ತದೆ ಎಂದು ಉತ್ತರ ಬರೆದ.

ಅಜ್ಜನ ಜೊತೆ ಕನ್ನಡದಲ್ಲೇ ಒಂದು ಪುಟದ ಒಪ್ಪಂದ ಬರೆದುಕೊಂಡ, ಆ ತುಣುಕಿನಿಂದ ಬರುವ ದುಡ್ಡಿನಲ್ಲಿ ಅರ್ಧ ಅವರಿಗೆ. ದುಡ್ಡು ಹೆಚ್ಚೇನೂ ಬರುವುದಿಲ್ಲ, ಬಂದಷ್ಟು ಯುಗಾದಿಗೊಮ್ಮೆ ಲೆಕ್ಕ ಮಾಡಿ ಕೊಡುತ್ತಾನೆ. ಹೆಸರು ಹಾಕುವ ಮಾತು ಬಂದಾಗ ಅಜ್ಜ, ನನ್ನ ಹೆಸರು ಹಾಕುವುದಾದರೆ ಚಂಡೆ ಕಲಿಸಿದ ಗುರುವಿನ ಹೆಸರನ್ನೂ ಹಾಕಬೇಕು ಎಂದರು. ಎರಡು ಹೆಸರೂ ಈಗ ಪುಟದಲ್ಲಿ ಇವೆ, ಗುರುವಿನದು ಮೊದಲು.

ಒಂದು ವಿಷಯದಲ್ಲಿ ನನಗೂ ಹುಡುಗನಿಗೂ ಇನ್ನೂ ಒಮ್ಮತ ಇಲ್ಲ. ಹಳೆಯ ನಾಲ್ಕನೆಯ ತುಣುಕನ್ನು ಅವನು ತೆಗೆದುಹಾಕಿದ. ಬದಲಾಯಿಸಿದ್ದೇನೆ, ಇದಕ್ಕಾಗಿ ಬದಲಾಯಿಸಿದ್ದೇನೆ ಎಂದು ತಾರೀಕಿನ ಸಮೇತ ಟಿಪ್ಪಣಿ ಹಾಕಿದ್ದಾನೆ, ಅದು ಸರಿ. ಆದರೆ ಗಾಜಿನ ಹಿಂದಿನ ಚಂಡೆ ಎಂದು ಬರೆದ ಆ ಹೆಣ್ಣುಮಗಳ ಸಾಲು ಈಗ ಇಲ್ಲದ ದನಿಯ ಬಗ್ಗೆ ಆಡಿದ ಮಾತಾಗಿದೆ. ಅವರು ತಪ್ಪಾಗಿ ಕೇಳಿದರು ಎಂದು ಹೊಸಬರು ಅಂದುಕೊಳ್ಳಬಹುದು. ಸರಿಯಾಗಿ ಕೇಳಿದವರಿಗೆ ಆ ಅನ್ಯಾಯ ಆಗಬಾರದು. ಹಳೆಯದೂ ಒಂದು ಮೂಲೆಯಲ್ಲಿ ಇರಲಿ ಎಂದು ನಾನು ಹೇಳುತ್ತಲೇ ಇದ್ದೇನೆ. ಶ್ರುತಿ ತಪ್ಪಿದ್ದನ್ನು ಗೊತ್ತಿದ್ದೂ ಜನರ ಕಿವಿಗೆ ಹಾಕಲಾರೆ ಎನ್ನುತ್ತಾನೆ.

ಹೊಸ ರೂಪದ ಬಗ್ಗೆ ಯಾರೂ ಬರೆಯಲಿಲ್ಲ. ಪತ್ರಿಕೆಗೆ ಪತ್ರ ಬರೆದ ಅಭಿಮಾನಿಗೆ ಹುಡುಗನೇ ಹೋಗಿ ಹೆಸರು ಹಾಕಿದ್ದನ್ನು ತೋರಿಸಿ ಬಂದ. ಅವರು ಚಹಾ ಕೊಟ್ಟರು, ಸಂಗೀತ ಕೇಳಲು ಮಾತ್ರ ಒಪ್ಪಲಿಲ್ಲ.

ಅಜ್ಜ ಮತ್ತೆ ಶೆಡ್ಡಿಗೆ ಬಂದರು. ಎಂಟು ನಿಮಿಷ ಕಣ್ಣು ಮುಚ್ಚಿ ಕೇಳಿದರು, ಮುಗಿದ ಮೇಲೆ "ಈಗ ಚೊಲೋ ಇದ್ದು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಇಳ್ದಿದ್ದು ಗೊತ್ತಾದ್ರೆ ಬಿಗಿಯವು, ಬಾರಿಸ್ತಾ ಕೂರಲಾಗ" ಎಂದು ಸೇರಿಸಿದರು, ಅಂದರೆ ಬಿಗಿಯಬೇಕು, ಬಾರಿಸುತ್ತ ಕೂರಬಾರದು. ಇಳಿಯುವುದೇ ತನಗೆ ಬೇಕಾದದ್ದು ಎಂದು ಹುಡುಗ ವಿವರಿಸಲು ಹೊರಟ. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ. ಭಾಗವತರು ಎದುರಿಗಿದ್ದಿದ್ದರೆ ಆ ಗಂಟೆಯಲ್ಲಿ ಮೂರು ಸಲ ಹಗ್ಗ ಬಿಗಿಯುತ್ತಿದ್ದೆ ಎಂದರು.

ದೀಪಾವಳಿ ಕಳೆದು ಚರ್ಮ ಒಣಗಿದ ಮೇಲೆ ಇನ್ನೊಂದು ಸಲ ಬಾರಿಸಿಕೊಡುತ್ತೇನೆ ಎಂದು ಅವರೇ ಹೇಳಿದ್ದಾರೆ. ಈ ಸಲ ಎದುರಿಗೆ ಶ್ರುತಿಪೆಟ್ಟಿಗೆ ಇರಬೇಕಂತೆ.